ಮೂವರು ಅಮುನರು, ಐದು ಅಂಗಿ

ಇಸ್ತ್ರಿಗೆ ಕೊಟ್ಟ ಆರು ಅಂಗಿಗಳಲ್ಲಿ ಐದು ಮಾತ್ರ ಮನೆಗೆ ಬಂದ ಸಂಜೆಯೇ ಅಕ್ಕನ ಮಗಳು ಹೋಂವರ್ಕ್ ಹಿಡಿದುಕೊಂಡು ಎದುರಿಗೆ ಕುಳಿತಳು. “ಮಾಮ, ಹೊಂದಿಸಿ ಬರೆಯಿರಿ ಇದೆ.” ಎಡಗಡೆ ಹಳೆಯ ಈಜಿಪ್ಟಿನ ದೇವರುಗಳು: ಥೋತ್, ಸೊಬೆಕ್, ಬಾಸ್ಟೆಟ್, ಖ್ನುಮ್. ಬಲಗಡೆ ಬೆಕ್ಕು, ಟಗರು, ಬರವಣಿಗೆ, ಮೊಸಳೆ. ನಾಲ್ಕು ಗೆರೆ ಎಳೆದರೆ ನಾಲ್ಕು ಅಂಕ. ಈಜಿಪ್ಟಿನ ಮೂರು ಸಾವಿರ ವರ್ಷದ ಭಕ್ತಿ ಅಲ್ಲಿಗೆ ಮುಗಿಯಿತು.

ಅಂಗಿಯ ಸಿಟ್ಟು ಪಠ್ಯಪುಸ್ತಕದ ಮೇಲೆ ತಿರುಗಿತು. ಹೀಗೆ ಖಾತೆ ಹಂಚಿಕೊಂಡು ಕೂರಲು ಅದೇನು ಮಂತ್ರಿಮಂಡಲವೇ? ಸೊಬೆಕ್ ಎಂದರೆ ಫಯೂಮಿನ ಶೆಡೆಟ್‌ನವರ ಊರದೇವರು. ಅವರು ಮೊಸಳೆ ಕಂಡಾಗ ಮಾತ್ರ ಅವನನ್ನು ನೆನೆಯುತ್ತಿರಲಿಲ್ಲ. ಖ್ನುಮ್ ನೈಲ್ ನದಿಯ ಎಲಿಫಂಟೈನ್ ದ್ವೀಪದವನು. ಇನ್ನು ದೇರ್ ಎಲ್-ಮದೀನಾದಲ್ಲಿದ್ದ, ರಾಜರಿಗೆ ಗೋರಿ ಕೊರೆಯುವ ಕೆಲಸಗಾರರಿಗೆ ತಲೆಯ ಮೇಲೆ ನಿಂತ ಬೆಟ್ಟವೇ ದೇವಿ: ಮೆರೆತ್‌ಸೆಗೆರ್, ಮೌನವನ್ನು ಪ್ರೀತಿಸುವವಳು. ದಿನವಿಡೀ ಉಳಿಯ ಸದ್ದು ಕೇಳಬೇಕಾದವಳಿಗೆ ಅದೆಂಥ ಹೆಸರು!

“ಇದರಲ್ಲಿ ಅಂಗಿಗೆ ಯಾವ ದೇವರು?” ಎಂದು ಹುಡುಗಿ ಕೇಳಿದಳು. ಬಟ್ಟೆಗೆ ತಾಯೆತ್ ಎಂಬ ದೇವಿ ಇದ್ದಾಳೆ; ಆದರೆ ನನಗೆ ಬೇಕಾಗಿದ್ದುದು ಕಳೆದ ಬಟ್ಟೆಗೆ. ಅಡುಗೆಮನೆಯಿಂದ ಅಮ್ಮ, “ಸುಮ್ಮನೆ ಕಾರ್ತವೀರ್ಯಾರ್ಜುನನ ಶ್ಲೋಕ ಹೇಳಿಕೋ” ಎಂದರು. ಅವನಿಗೆ ಸಾವಿರ ಕೈ. ಆದರೂ ನನ್ನ ಛತ್ರಿ, ಕನ್ನಡಕ, ಗ್ಯಾಸ್ ಪುಸ್ತಕ ಯಾವುದೂ ಅವನ ಒಂದು ಕೈಗೂ ಸಿಕ್ಕಿಲ್ಲ. ಅಮ್ಮನ ಮುಂದೆ ಇದನ್ನು ಹೇಳುವಂತಿಲ್ಲ.

ಆಗ ನೆನಪಾದವನು ಅಮೆನೆಮುಯಿಯಾ. ಕ್ರಿ.ಪೂ. 1150ರ ಆಸುಪಾಸಿನಲ್ಲಿ, ನಾಲ್ಕನೆಯ ರಾಮ್‌ಸೆಸ್ ಆಳುತ್ತಿದ್ದಾಗ, ಈಜಿಪ್ಟಿನ ಥೀಬ್ಸ್ ನಗರದ ಕಡೆ ಒಂದು ಉಗ್ರಾಣದ ಕಾವಲುಗಾರನಾಗಿದ್ದ. ಅವನ ಸುಪರ್ದಿನಲ್ಲಿದ್ದ ಬಣ್ಣದ ಅಂಗಿಗಳು ಹಾಡಹಗಲೇ ಕಳುವಾದವು. ಐದು. ನನ್ನದು ಒಂದೇ, ಒಪ್ಪುತ್ತೇನೆ. ಕಾವಲುಗಾರ ಊಟ ಮಾಡಿ ಮಲಗಿದ್ದನೆಂಬುದು ನನ್ನ ಗುಮಾನಿ, ದಾಖಲೆಯಲ್ಲಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪಪೈರಸ್ ಹಾಳೆ ಹೇಳುವುದಿಷ್ಟು: ಅವನು ಪೊಲೀಸರ ಬಳಿ ಹೋಗಲಿಲ್ಲ, ತನ್ನ ಕೇರಿಯ ದೇವರಾದ ಪೆ-ಖೆಂತಿಯ ಅಮುನನ ಬಳಿ ಹೋದ. ಹಬ್ಬದಲ್ಲಿ ದೇವರು ಹೆಗಲೇರಿ ಹೊರಗೆ ಬಂದಾಗ ಅಡ್ಡನಿಂತು ದೂರು ಹೇಳಿ, ಊರಿನ ಮನೆಗಳ ಹೆಸರನ್ನು ಒಂದೊಂದಾಗಿ ಓದಿದ. ಒಂದು ಹೆಸರು ಬಂದಾಗ ದೇವರು ತಲೆದೂಗಿತು. ಅಡ್ಡೆ ದೇವರನ್ನು ಹೊತ್ತು ಅಪ್ಪಣೆ ಕೇಳುವ ನಮ್ಮ ಊರುಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಗಲು ಯಾರದು, ವಾಲಿದ್ದು ಯಾರು ಎಂಬ ಪ್ರಶ್ನೆಯನ್ನು ಅಲ್ಲಿಯೂ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ.

ಆ ಹೆಸರು ಒಬ್ಬ ರೈತನದು: ಪೆತ್ಜೌ-ಎಮ್-ದಿ-ಅಮುನ್. ಫಿರ್ಯಾದಿಯ ಹೆಸರಿನಲ್ಲಿ ಅಮುನ, ಆರೋಪಿಯ ಹೆಸರಿನಲ್ಲಿ ಅಮುನ, ನ್ಯಾಯ ಹೇಳುವವನಂತೂ ಸಾಕ್ಷಾತ್ ಅಮುನ. ರೈತ ದೇವರ ಮುಖಕ್ಕೇ “ಸುಳ್ಳು, ನಾನು ಕದ್ದಿಲ್ಲ” ಎಂದುಬಿಟ್ಟ. ದೇವರಿಗೆ ಕೆಂಡದಂಥ ಕೋಪ ಬಂತು. ರೈತ ಜಗ್ಗದೆ ಇನ್ನೊಂದು ಕೇರಿಗೆ, ತಾ-ಶೆನಿತ್‌ನ ಅಮುನನ ಬಳಿಗೆ ಹೋದ. ಅವನೂ ಇವನೇ ಕಳ್ಳ ಎಂದ. ಆಮೇಲೆ ಬುಕೆನೆನ್‌ನ ಅಮುನ. ಅವನೂ ಅದೇ ಮಾತು. ಒಬ್ಬನೇ ದೇವರು, ಮೂರು ಕೇರಿ, ಎರಡು ಸಲ ಮೇಲ್ಮನವಿ! ಕೇರಿ ಬದಲಾದರೆ ಅಮುನನ ಅಭಿಪ್ರಾಯವೂ ಬದಲಾದೀತು ಎಂಬ ಆ ನಂಬಿಕೆ ಇದೆಯಲ್ಲ, ಯಾವ ಹೊಂದಿಸಿ ಬರೆಯಿರಿಯಲ್ಲೂ ಅದಕ್ಕೆ ಗೆರೆ ಎಳೆಯಲಾಗದು. ಕೊನೆಗೆ ಅವನು ಕದ್ದದ್ದನ್ನು ಒಪ್ಪಿಕೊಂಡ. ಖರ್ಜೂರದ ಗರಿಯ ದಿಂಡಿನಿಂದ 100 ಏಟು ಬಿದ್ದವು. ಮತ್ತೆ ಮಾತು ತಿರುಗಿಸಿದರೆ ತನ್ನನ್ನು ಮೊಸಳೆಗೆ ಹಾಕಬಹುದೆಂದು ಆಣೆಯನ್ನೂ ಇಟ್ಟ.

“ನೋಡಿದೆಯಾ, ಊರದೇವರು ಅಂದರೆ ನಿಜವಾಗಿ ಏನು ಅಂತ ಈಗ ಗೊತ್ತಾಯಿತಲ್ಲ? ಅಂದರೆ...” ಎಂದು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹುಡುಗಿ ನಾಲ್ಕು ಗೆರೆ ಎಳೆದು, ಪುಸ್ತಕ ಮುಚ್ಚಿ, ಟಿವಿಯ ಮುಂದೆ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಮೂರನೆಯ ಮಹಡಿಯವರು ಸಿಕ್ಕರು. ನೀಲಿ ಗೆರೆಯ ಅಂಗಿ. ನನ್ನ ಅಂಗಿಯ ಎರಡನೆಯ ಗುಂಡಿಯನ್ನು ಅಮ್ಮ ಕಪ್ಪು ದಾರದಲ್ಲಿ ಹೊಲಿದಿದ್ದರು. ನಾನು ಬಗ್ಗಿ ನೋಡಲು ಹೊರಟಾಗ ಅವರು ಎದೆಯ ಮೇಲೆ ಕೈಕಟ್ಟಿಕೊಂಡು, “ಏನು ಸಾರ್?” ಎಂದರು.

“ಏನಿಲ್ಲ. ಇವತ್ತು ಮಳೆ ಬರುವ ಹಾಗಿದೆ” ಎಂದೆ.