ವಲೆಟ್ಟಾದ ಮೆಟ್ಟಿಲು, ನನ್ನ ಮಂಡಿ

ಭೂಪಟದಲ್ಲಿ ನೋಡಿದರೆ ವಲೆಟ್ಟಾ ಚೌಕಾಬಾರದ ಮನೆಯಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಮಾಲ್ಟಾ ದೇಶದ ಈ ರಾಜಧಾನಿಯ ವಿಸ್ತಾರ ಒಂದು ಚದರ ಕಿಲೋಮೀಟರೂ ಇಲ್ಲ. ಎರಡು ಬಂದರುಗಳ ನಡುವೆ ಮೆಡಿಟರೇನಿಯನ್ ಸಮುದ್ರಕ್ಕೆ ನಾಲಿಗೆ ಚಾಚಿದಂತಿರುವ ನೆಲ, ಅದರ ಉದ್ದಕ್ಕೆ ಕೆಲವು ಗೆರೆ, ಅಡ್ಡಕ್ಕೆ ಕೆಲವು ಗೆರೆ, ಅಷ್ಟೇ. ಹೊರಡುವ ಮುನ್ನ ಮನೆಯಲ್ಲಿ ಕುಳಿತು ಈ ನಕ್ಷೆಯನ್ನು ನೋಡಿದ ನಾನು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಊರೂ ಮುಗಿಯುತ್ತದೆ ಎಂದು ಹೆಂಡತಿಗೆ ಲೆಕ್ಕ ಒಪ್ಪಿಸಿದ್ದೆ. ನಕ್ಷೆಗೆ ಉದ್ದ ಅಗಲಗಳು ಮಾತ್ರ ಗೊತ್ತು, ಎತ್ತರ ಗೊತ್ತಿಲ್ಲ ಎಂಬ ಸಂಗತಿ ನನ್ನ ಮಂಡಿಗೆ ಮನವರಿಕೆಯಾದದ್ದು ಅಲ್ಲಿಗೆ ಹೋದ ಮಾರನೆಯ ದಿನ, ಸೇಂಟ್ ಉರ್ಸುಲಾ ಬೀದಿಯಲ್ಲಿ.

ಬೀದಿ ಎಂದು ಮೂಲೆಯ ಗೋಡೆಯ ಮೇಲೆ ಬರೆದಿದೆ, ನಿಜ. ಆದರೆ ಕಣ್ಣೆತ್ತಿ ನೋಡಿದರೆ ಇರುವುದು ಮೆಟ್ಟಿಲು. ಅಗಲವಾದ, ಗಿಡ್ಡನೆಯ, ಜೇನಿನ ಬಣ್ಣದ ಮೆಟ್ಟಿಲುಗಳು ಮನೆಗಳ ಎರಡು ಸಾಲುಗಳ ನಡುವೆ ಒಂದರ ಮೇಲೊಂದು ಏರುತ್ತ ಹೋಗುತ್ತವೆ. ಇಕ್ಕೆಲದ ಗೋಡೆಗಳಿಂದ ಹಸಿರು, ಕೆಂಪು, ನೀಲಿ ಬಣ್ಣ ಬಳಿದ ಮರದ ಮುಚ್ಚು ಬಾಲ್ಕನಿಗಳು ಬೀದಿಯ ಮೇಲೆ ಬಾಗಿ, ಹತ್ತುವವನ ಏದುಸಿರನ್ನು ಎಣಿಸುತ್ತಿರುವಂತೆ ತೋರುತ್ತವೆ. ಮಾಲ್ಟೀಸ್ ಭಾಷೆಯಲ್ಲಿ ಬೀದಿಗೆ ತ್ರೀಕ್ ಎಂದೂ ಮೆಟ್ಟಿಲಿಗೆ ತರಜ್ ಎಂದೂ ಹೆಸರು. ಎರಡೂ ಅರಬ್ಬಿ ಮೂಲದವು, ನಮ್ಮ ಕಿತಾಬು ಅಲ್ಲಿ ಕ್ತೀಬ್ ಆಗಿರುವ ಹಾಗೆ. ಎರಡು ಬೇರೆ ಬೇರೆ ಪದಗಳನ್ನು ಇಟ್ಟುಕೊಂಡ ಜನ ಎರಡನ್ನೂ ಒಂದೇ ಮಾಡಿದ್ದೇಕೆ ಎಂಬ ಪ್ರಶ್ನೆ ಇಪ್ಪತ್ತನೆಯ ಮೆಟ್ಟಿಲಿನ ಆಸುಪಾಸಿನಲ್ಲಿ ನನಗೆ ಹುಟ್ಟಿತು.

ಉತ್ತರ 1565ರಲ್ಲಿದೆ. ಆ ವರ್ಷದ ಬೇಸಿಗೆಯಲ್ಲಿ ತುರ್ಕರ ಆಟೊಮನ್ ಸಾಮ್ರಾಜ್ಯದ ಸೈನ್ಯ ಮಾಲ್ಟಾವನ್ನು ಮುತ್ತಿತು. ದ್ವೀಪವನ್ನು ಆಳುತ್ತಿದ್ದ ಸೇಂಟ್ ಜಾನ್ ಎಂಬ ಕ್ರೈಸ್ತ ಪಂಥದ ಯೋಧರಾದ ನೈಟ್‌ಗಳೂ ಸ್ಥಳೀಯರೂ ಸುಮಾರು ನಾಲ್ಕು ತಿಂಗಳು ತಡೆದು ನಿಂತ ಮೇಲೆ, ಸೆಪ್ಟೆಂಬರ್‌ನಲ್ಲಿ ಆ ಸೈನ್ಯ ಹಿಂದಿರುಗಿತು. ಹೋದವರು ಮತ್ತೆ ಬಂದರೆ ಎಂಬ ಭಯದಲ್ಲಿಯೇ 1566ರ ಮಾರ್ಚ್ 28ರಂದು, ಅದುವರೆಗೆ ಹೆಚ್ಚುಕಡಿಮೆ ಬೋಳಾಗಿದ್ದ ಶಿಬೆರ್ರಾಸ್ ಗುಡ್ಡದ ಮೇಲೆ, ಪಂಥದ ಮುಖ್ಯಸ್ಥ ವಲೆಟ್ ಹೊಸ ಊರಿಗೆ ಅಡಿಗಲ್ಲು ಹಾಕಿದ. ಊರಿಗೆ ಅವನ ಹೆಸರೇ ಉಳಿಯಿತು. ನಕ್ಷೆ ಬರೆದವನು ಪೋಪ್ ಕಳಿಸಿಕೊಟ್ಟ ಎಂಜಿನಿಯರ್ ಫ್ರಾಂಚೆಸ್ಕೊ ಲಾಪರೆಲ್ಲಿ. ಗುಡ್ಡದ ನೆತ್ತಿಯನ್ನು ಕಡಿದು ಸಮತಟ್ಟು ಮಾಡಿ, ಅದರ ಮೇಲೆ ನೇರ ಬೀದಿಗಳ ಊರು ಕಟ್ಟಬೇಕೆಂಬುದು ಮೊದಲ ಯೋಚನೆಯಾಗಿತ್ತು. ಕಡಿಯುವುದಕ್ಕೆ ಆಳು ಸಾಲದು, ಹಣ ಸಾಲದು, ಎಲ್ಲಕ್ಕಿಂತ ಮುಖ್ಯವಾಗಿ ಹೊತ್ತಿಲ್ಲ. ಆದ್ದರಿಂದ ಕಡಿಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಬೀದಿಗಳನ್ನು ಮಾತ್ರ ಬರೆದಿದ್ದ ಹಾಗೆಯೇ ಗುಡ್ಡದ ಮೇಲಿಂದ ಕೆಳಕ್ಕೆ ಹಾಯಿಸಿಬಿಟ್ಟರು. ನಮ್ಮ ಆಗುಂಬೆಯ ರಸ್ತೆ ಗುಡ್ಡಕ್ಕೆ ಮರ್ಯಾದೆ ಕೊಟ್ಟು, ಸುತ್ತಿ ಬಳಸಿ, ಅಪ್ಪಣೆ ಕೇಳಿಕೊಂಡು ಏರುತ್ತದೆ. ಇಲ್ಲಿ ಕಾಗದದ ಮೇಲಿನ ಗೆರೆಯೂ ಬಾಗಲಿಲ್ಲ, ಗುಡ್ಡವೂ ಬಾಗಲಿಲ್ಲ. ನಾಲ್ಕೂವರೆ ಶತಮಾನಗಳ ಹಿಂದೆ ಅವಸರದಲ್ಲಿ ಮಾಡಿದ ಆ ಸಾಲಕ್ಕೆ ಇಂದಿಗೂ ಬಡ್ಡಿ ಕಟ್ಟುತ್ತಿರುವುದು ದಾರಿಹೋಕರ ಮಂಡಿಗಳು.

ಬಡ್ಡಿಗೆ ಪ್ರತಿಯಾಗಿ ಏನೂ ಸಿಗುವುದಿಲ್ಲವೆಂದರೆ ಅನ್ಯಾಯವಾದೀತು. ಬೀದಿ ನೇರವಾಗಿರುವುದರಿಂದ ಸಮುದ್ರದ ಗಾಳಿ ಎಲ್ಲಿಯೂ ತಡೆಯಿಲ್ಲದೆ ನುಗ್ಗುತ್ತದೆ, ಯಾವ ಅಡ್ಡಬೀದಿಯ ಬಾಯಲ್ಲಿ ನಿಂತರೂ ಕೊನೆಯಲ್ಲಿ ಒಂದು ತುಂಡು ನೀಲಿ ಕಾಣುತ್ತದೆ. ಆ ತುಂಡನ್ನು ನೋಡುವ ನೆಪದಲ್ಲಿ ನಾನು ಎಷ್ಟು ಸಲ ನಿಂತೆನೆಂಬುದನ್ನು ಹೆಂಡತಿ ಲೆಕ್ಕವಿಟ್ಟಿದ್ದಾಳೆ. ಕೋಟೆಯ ಮೇಲಿನ ಫಿರಂಗಿ ಹನ್ನೆರಡು ಗಂಟೆಗೆ ಢಂ ಎಂದಾಗ, ನನ್ನ ಲೆಕ್ಕದ ಪ್ರಕಾರ ಊರು ಮುಗಿಸಿ ಊಟಕ್ಕೆ ಕೂತಿರಬೇಕಾದ ನಾವು, ಒಂದೇ ಬೀದಿಯ ನಡುಮಧ್ಯದಲ್ಲಿ, ಯಾರದೋ ಮನೆಯ ಬಾಗಿಲ ಪಕ್ಕದ ನೆರಳಿನಲ್ಲಿ ಕುಳಿತಿದ್ದೆವು.

ಕುಳಿತಾಗಲೇ ಮೆಟ್ಟಿಲು ಸರಿಯಾಗಿ ಕಂಡದ್ದು. ಇಡೀ ಊರನ್ನು ಕಟ್ಟಿರುವುದು ಅಲ್ಲಿಯದೇ ಮೆತುವಾದ ಸುಣ್ಣಕಲ್ಲಿನಿಂದ. ಆ ಕಲ್ಲು ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ನಮ್ಮ ಕಡೆಯ ಕರಿಕಲ್ಲಿನ ಮೆಟ್ಟಿಲು ಸವೆದರೆ ನುಣುಪಾಗುತ್ತದೆ. ನಾನು ಕುಳಿತ ಮೆಟ್ಟಿಲೋ, ಹಳೆಯ ಮನೆಯ ಹೊಸ್ತಿಲಿನಂತೆ ನಡುವೆ ತಗ್ಗಾಗಿ, ಹಿಂದಿನ ದಿನದ ಮಳೆಯ ನೀರನ್ನು ಒಂದು ಬೊಗಸೆಯಷ್ಟು ಹಿಡಿದಿಟ್ಟುಕೊಂಡಿತ್ತು. ಅಂಚಿನಲ್ಲಿ, ನನ್ನ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಚಿಪ್ಪು ಕಲ್ಲಿನೊಳಗಿಂದ ಅರ್ಧ ಹೊರಬಂದು, ಬೀಸಣಿಗೆಯಂಥ ತನ್ನ ಗೆರೆಗಳನ್ನು ತೋರಿಸುತ್ತಿತ್ತು. ಸಮುದ್ರವನ್ನು ನೋಡಲೆಂದು ಮೇಲೆ ಹತ್ತುತ್ತಿದ್ದ ನಾನು ಸಮುದ್ರದ ತಳದ ಮೇಲೆಯೇ ಕುಳಿತಿದ್ದೆ.

ಈ ಮೆಟ್ಟಿಲುಗಳನ್ನು ಬೈದವರಲ್ಲಿ ನಾನು ಮೊದಲಿಗನಲ್ಲ. ಕಾಲಿನ ಊನವಿದ್ದ ಇಂಗ್ಲಿಷ್ ಕವಿ ಬೈರನ್ 1811ರಲ್ಲಿ ಈ ದ್ವೀಪವನ್ನು ಬಿಡುವಾಗ ಮೆಟ್ಟಿಲ ಬೀದಿಗಳಿಗೆ ಪದ್ಯದಲ್ಲಿಯೇ ಶಾಪ ಹಾಕಿ ಹೋದ. ಮೆಟ್ಟಿಲಿನ ಬಗ್ಗೆ ಯಾವ ತಕರಾರೂ ಇಲ್ಲದವುಗಳೆಂದರೆ ಆಡುಗಳು. ಒಂದು ಕಾಲದಲ್ಲಿ ಹಾಲು ಮಾರುವವರು ಆಡಿನ ಹಿಂಡನ್ನೇ ಊರೊಳಗೆ ಹೊಡೆದುಕೊಂಡು ಬಂದು, ಗಿರಾಕಿಯ ಬಾಗಿಲಲ್ಲಿ ಕಣ್ಣೆದುರಿಗೇ ಕರೆದು ಕೊಡುತ್ತಿದ್ದರಂತೆ. ಮಹಡಿಯ ಮೇಲಿನ ಗಿರಾಕಿಗಾಗಿ ಆಡು ಮನೆಯೊಳಗಿನ ಮೆಟ್ಟಿಲನ್ನೂ ಹತ್ತುತ್ತಿತ್ತಂತೆ. ಇಷ್ಟು ತಾಜಾ ಹಾಲು ಕುಡಿದೂ ಜನ ತಿಂಗಳುಗಟ್ಟಲೆ ಜ್ವರದಲ್ಲಿ ಬೀಳುತ್ತಿದ್ದರು. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ ಆ ಜ್ವರದ ರೋಗಾಣುವನ್ನು ಗುರುತಿಸಿದ. ಅದು ಬರುತ್ತಿರುವುದು ಆಡಿನಿಂದಲೇ ಎಂಬುದನ್ನು 1905ರಲ್ಲಿ ಪತ್ತೆಹಚ್ಚಿದವನು ಮಾಲ್ಟಾದವನೇ ಆದ ವೈದ್ಯ ಥೆಮಿಸ್ಟೋಕ್ಲಿಸ್ ಝಮ್ಮಿತ್. ನಮ್ಮ ಪಶುವೈದ್ಯರು ಇಂದು ಬ್ರೂಸೆಲ್ಲೋಸಿಸ್ ಎನ್ನುವ ಆ ಕಾಯಿಲೆಗೆ ಮಾಲ್ಟಾ ಜ್ವರವೆಂಬ ಹೆಸರು ಬಂದದ್ದು ಹೀಗೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಆ ಊರಿನವರು ಆಡು ಹತ್ತದ ಮೆಟ್ಟಿಲಿಲ್ಲ ಎಂದು ತಿದ್ದಿಕೊಳ್ಳಬಹುದಿತ್ತು.

ಬಂದರಿನಿಂದ ಮೇಲಿನ ಬರಾಕ್ಕಾ ಉದ್ಯಾನಕ್ಕೆ ಲಿಫ್ಟ್ ಇದೆಯೆಂಬ ವಿಷಯ ನಮಗೆ ತಿಳಿದದ್ದು, ಸಹಜವಾಗಿಯೇ, ಕೊನೆಯ ದಿನ. 1905ರಲ್ಲಿ ಹಾಕಿದ್ದ ಮೊದಲ ಲಿಫ್ಟ್ 1973ರಲ್ಲಿ ನಿಂತುಹೋಗಿ, 2012ರಲ್ಲಿ ಹೊಸದು ಬಂದಿದೆ. ಐವತ್ತೆಂಟು ಮೀಟರ್ ಎತ್ತರವನ್ನು ಅದು ನಿಮಿಷವೂ ಹಿಡಿಯದೆ ಏರುತ್ತದೆ. ಆ ನಿಮಿಷದಲ್ಲಿ ಹೆಂಡತಿ ನನ್ನ ಕಡೆ ನೋಡಿದ ನೋಟ ಮಾತ್ರ ಸಾಕಷ್ಟು ದೀರ್ಘವಾಗಿತ್ತು.

ಅದೇ ಸಂಜೆ, ಹೊರಡುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಸೇಂಟ್ ಉರ್ಸುಲಾ ಬೀದಿಗೆ ಹೋದಾಗ, ಕೆಳಗೆ ಸ್ಕೂಟರ್ ನಿಲ್ಲಿಸಿ, ಬೆನ್ನಿಗೆ ಊಟದ ದೊಡ್ಡ ಚೀಲ ಹೊತ್ತು ಹತ್ತುತ್ತಿದ್ದ ಹುಡುಗನೊಬ್ಬ ಫೋನಿನಲ್ಲಿ, "ಎಂಥದ್ದೂ ಇಲ್ಲಮ್ಮ, ಊಟ ಆಯ್ತು" ಎನ್ನುತ್ತಿದ್ದುದು ಕಿವಿಗೆ ಬಿತ್ತು. ಕಾಸರಗೋಡಿನ ಕಡೆಯವನು. ದಿನಕ್ಕೆ ಎಷ್ಟು ಮೆಟ್ಟಿಲು ಹತ್ತುತ್ತೀಯಪ್ಪ ಎಂದು ಕೇಳಿದೆ.

"ಮೊದಲ ತಿಂಗಳು ಎಣಿಸ್ತಿದ್ದೆ ಸರ್, ಆಮೇಲೆ ಬಿಟ್ಟೆ. ಎಣಿಸಿದ್ರೆ ಜಾಸ್ತಿ ಆಗ್ತದೆ" ಎಂದ.

ಮೂರನೆಯ ಮಹಡಿಯ ಹಸಿರು ಬಾಲ್ಕನಿಯ ಕಿಟಕಿ ತೆರೆಯಿತು. ಅಜ್ಜಿಯೊಬ್ಬರು ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಬಾವಿಗೆ ಕೊಡ ಬಿಟ್ಟಂತೆ ನಿಧಾನವಾಗಿ ಕೆಳಗೆ ಬಿಟ್ಟರು. ಬ್ರೆಡ್ಡಿನವನಿಗಾಗಿ ಹೀಗೆ ಬುಟ್ಟಿ ಇಳಿಸುವುದು ಅಲ್ಲಿಯ ಹಳೆಯ ವಾಡಿಕೆ. ಆದರೆ ಬುಟ್ಟಿ ಬ್ರೆಡ್ಡಿನ ಅಳತೆಯದು, ಹುಡುಗ ತಂದದ್ದು ಪಿಜ್ಜಾ. ಅವನು ಪೆಟ್ಟಿಗೆಯನ್ನು ಅಡ್ಡ ಇಟ್ಟು ನೋಡಿದ, ಓರೆ ಇಟ್ಟು ನೋಡಿದ, ಕೊನೆಗೆ ಸ್ಲೇಟು ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿದ. ಮೇಲಿನಿಂದ ಅಜ್ಜಿ ಮಾಲ್ಟೀಸ್‌ನಲ್ಲಿ ಏನೋ ಜೋರಾಗಿ ಹೇಳಿದರು. ಬೈದದ್ದೆಂಬುದಕ್ಕೆ ಅನುವಾದ ಬೇಕಿರಲಿಲ್ಲ. ಹುಡುಗ ಬುಟ್ಟಿಯಿಂದ ಪೆಟ್ಟಿಗೆ ತೆಗೆದು, ಅಂಗೈ ಮೇಲೆ ಮಟ್ಟಸವಾಗಿ ಹಿಡಿದು, ಬಾಗಿಲು ತಳ್ಳಿ ಒಳಗಿನ ಮೆಟ್ಟಿಲು ಹತ್ತತೊಡಗಿದ. ಖಾಲಿ ಬುಟ್ಟಿ ಗೋಡೆಗೆ ತಾಗುತ್ತ ಅವನಿಗಿಂತ ಮೊದಲೇ ಮೇಲೆ ಹೋಯಿತು.