ಸತ್ಯಾಂಶ: ಪಾಳು ಕಟ್ಟಡಗಳ ಹಳೆಯ ಚಿತ್ರಗಳು ಪ್ರಳಯದ ಸಾಕ್ಷ್ಯವಲ್ಲ

18ನೆಯ ಶತಮಾನದ ಯುರೋಪಿನ ಚಿತ್ರಗಳಲ್ಲಿ ಕಾಣುವ ಪಾಳುಬಿದ್ದ ಬೃಹತ್ ಕಟ್ಟಡಗಳು, ಮಹಾಪ್ರಳಯವೊಂದರ ಕೆಸರಿನಡಿ ಹೂತುಹೋದ ದೈತ್ಯರ ನಾಗರಿಕತೆಯ ಕುರುಹುಗಳು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಇಂಥ ಚಿತ್ರಗಳಲ್ಲಿ ಅನೇಕವು ಕಲ್ಪನೆ ಬೆರೆಸಿ ಕಟ್ಟಿದ ದೃಶ್ಯಗಳು. ಇಟಲಿಯಲ್ಲಿ ಈ ಪ್ರಕಾರಕ್ಕೆ ‘ಕಪ್ರಿಚ್ಚೊ’ ಎಂಬ ಹೆಸರೇ ಇತ್ತು. ರೋಮಿನಲ್ಲಿ ನೆಲೆಸಿದ್ದ ಜೊವಾನ್ನಿ ಪಾವೊಲೊ ಪನ್ನೀನಿ (1691–1765), ನಗರದ ಬೇರೆ ಬೇರೆ ಕಡೆ ಇರುವ ಪ್ಯಾಂಥಿಯನ್, ಟ್ರಾಜನ್ ಸ್ತಂಭ ಮೊದಲಾದ ಸ್ಮಾರಕಗಳನ್ನು ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಲ್ಲಿಸಿ ಬರೆಯುತ್ತಿದ್ದರು. ಪ್ರವಾಸ ಬಂದ ಸಿರಿವಂತರು ಅವನ್ನು ನೆನಪಿಗಾಗಿ ಕೊಂಡೊಯ್ಯುತ್ತಿದ್ದರು. ಅದೇ ಕಾಲದ ಇಟಲಿಯ ಕಲಾವಿದ ಪಿರನೇಸಿಯವರ ಮುದ್ರಣಚಿತ್ರಗಳಲ್ಲಿ ಮನುಷ್ಯರು ಇರುವೆಗಳಂತೆ ಕಾಣುವುದಕ್ಕೆ ಕಾರಣ, ಕಟ್ಟಡದ ಭವ್ಯತೆ ಎದ್ದು ಕಾಣಲೆಂದು ಅವರನ್ನು ಬೇಕೆಂದೇ ಕುಗ್ಗಿಸಿ ಬರೆದದ್ದು.

ಮಣ್ಣಿನ ವಿಷಯದಲ್ಲಿ ಮಾತ್ರ ಒಂದೆಳೆ ಸತ್ಯವಿದೆ. ಪ್ರಾಚೀನ ರೋಮಿನ ಮುಖ್ಯ ಸಾರ್ವಜನಿಕ ಚೌಕವಾಗಿದ್ದ ಫೋರಂ ಆಗ ‘ದನಗಳ ಬಯಲು’ ಎಂದೇ ಕರೆಸಿಕೊಳ್ಳುತ್ತಿತ್ತು. ಅಲ್ಲಿನ ಕೆಲವು ಕಂಬಗಳು, ಕಮಾನುಗಳು ಅರ್ಧ ಹೂತಿದ್ದವು. ಆದರೆ ಆ ಮಣ್ಣು ಒಂದೇ ದಿನ ಬಂದು ಬಿದ್ದದ್ದಲ್ಲ, ಶತಮಾನಗಳ ಕಾಲ ಪದರಪದರವಾಗಿ ಕೂಡಿದ ಹೂಳು ಮತ್ತು ಕಟ್ಟಡಗಳ ಅವಶೇಷ.

ನನಗೆ ಎಲ್ಲಕ್ಕಿಂತ ಗಟ್ಟಿಯಾದ ಉತ್ತರವೆನಿಸುವುದು ಫ್ರಾನ್ಸಿನ ಯೂಬೆರ್ ರೊಬೆರ್ ಅವರ 1796ರ ಚಿತ್ರ. ಅದರಲ್ಲಿ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದ ಮಹಾಗ್ಯಾಲರಿ ಛಾವಣಿ ಕುಸಿದು ಆಕಾಶಕ್ಕೆ ತೆರೆದುಕೊಂಡಿದೆ. ಅವಶೇಷಗಳ ನಡುವೆ ಉಳಿದು ನಿಂತ ಅಪೊಲೊ ಪ್ರತಿಮೆಯನ್ನು ಕಲಾವಿದನೊಬ್ಬ ಕುಳಿತು ಬರೆದುಕೊಳ್ಳುತ್ತಿದ್ದಾನೆ. ಆ ಗ್ಯಾಲರಿ ಅಂದು ಕುಸಿದಿರಲಿಲ್ಲ. ಇಂದಿಗೂ ಜನ ಅದರೊಳಗೆ ನಡೆದಾಡುತ್ತಿದ್ದಾರೆ.