ಜ್ವಾಕಿಲೆ ಇಟ್ಟೇನಿ

ನಮ್ಮ ಹುಬ್ಬಳ್ಳಿ ಕಡೆ ಮನೆಯಲ್ಲಿ ಯಾರಾದರೂ 'ಜ್ವಾಕಿಲೆ (ಜೋಪಾನವಾಗಿ) ಇಟ್ಟೇನಿ' ಅಂದರೆ ಎದೆ ಧಸಕ್ ಅನ್ನಬೇಕು. ಆ ವಸ್ತು ಇನ್ನು ಸಿಗುವುದಿಲ್ಲ ಅಂತಲೇ ಲೆಕ್ಕ. ಟೇಬಲ್ ಮೇಲೆ ಸುಮ್ನೆ ಬಿಸಾಕಿದ ಕರೆಂಟ್ ಬಿಲ್ ಎಂದೂ ಕಳೆಯುವುದಿಲ್ಲ. ಕಳೆಯುವುದು ಹೊಲದ ಉತಾರ (ಪಹಣಿ), ಫ್ರಿಜ್ಜಿನ ಗ್ಯಾರಂಟಿ ಕಾರ್ಡು, ಮಗನ ಟಿ.ಸಿ. ಯಾಕಂದರೆ ಅವು ಮುಖ್ಯ. ಮುಖ್ಯವಾದದ್ದನ್ನ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಇಡುವುದಕ್ಕೆ ಆಗುತ್ತಾ? ಹಾಗಾಗಿ ಗಾದಿಯ ಕೆಳಗೆ, ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯೊಳಗೆ ಇಡುತ್ತಾರೆ. ಆ ಜಾಗ ಕಳ್ಳನಿಗೂ ಹೊಳೆಯುವುದಿಲ್ಲ, ಇಟ್ಟವರಿಗೂ ಹೊಳೆಯುವುದಿಲ್ಲ.

'ಅವ್ವಾ, ಉತಾರ ಎಲ್ಲೈತಿ?'

'ಜ್ವಾಕಿಲೆ ಇಟ್ಟೇನೋ ತಮ್ಮಾ.'

'ಅದ, ಎಲ್ಲಿ?'

'ನಿಮ್ಮ ಅಪ್ಪಾರ್ನ ಕೇಳು.'

ಅಪ್ಪನನ್ನು ಕೇಳಿದರೆ 'ನಿಮ್ಮವ್ವನ ಕೈಯಾಗ ಕೊಟ್ಟಿದ್ದೆ' ಅನ್ನುತ್ತಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು.

ಆಫೀಸುಗಳಲ್ಲಿ ಇದೇ ಕೆಲಸವನ್ನು ನಿಯಮದ ಪ್ರಕಾರ ಮಾಡುತ್ತಾರೆ. ಕಾಗದ ಬಂದ ಕೂಡಲೇ ಆವಕ-ಜಾವಕ ವಹಿಯಲ್ಲಿ ನಂಬರ್ ಬೀಳುತ್ತದೆ. ಆಮೇಲೆ ಫೈಲು, ಫೈಲಿನ ಮೇಲೆ ದಾರ, ದಾರದ ಮೇಲೆ ಬಟ್ಟೆಯ ಗಂಟು, ಗಂಟಿನ ಮೇಲೆ ಧೂಳು. ಯಾವ ಗಂಟಿನಲ್ಲಿ ಏನಿದೆ ಅಂತ ವಹಿ ನೋಡಿ ಹುಡುಕಿದವರನ್ನ ನಾನಂತೂ ನೋಡಿಲ್ಲ. ಎಲ್ಲರೂ ಒಬ್ಬ ಹಳೇ ಅಟೆಂಡರನ್ನ ಕೂಗುತ್ತಾರೆ. ಆತ ಒಳಗೆ ಹೋಗಿ, ಒಮ್ಮೆ ಕೆಮ್ಮಿ, ಫೈಲು ಹಿಡಿದುಕೊಂಡೇ ಬರುತ್ತಾನೆ. ಸಾಹೇಬರು ಬದಲಾದರೂ ಆಫೀಸು ನಡೆಯುತ್ತದೆ. ಆತ ಮಗಳ ಮದುವೆಗೆ ಎರಡು ವಾರ ರಜೆ ಹಾಕಿದರೆ ಮಾತ್ರ 'ಮುಂದಿನ ವಾರ ಬರ್ರಿ' ಶುರುವಾಗುತ್ತದೆ.

ಇಂಥವರು ನಿವೃತ್ತರಾಗುವ ದಿನ ಚಾರ್ಜ್ ಕೊಡುವ ಪದ್ಧತಿ ಇದೆ. ಪಟ್ಟಿಯಲ್ಲಿ ಕುರ್ಚಿ ಎಷ್ಟು, ಕಪಾಟು ಎಷ್ಟು, ಬೀಗದ ಕೈ ಎಷ್ಟು, ಎಲ್ಲ ಬರೆದು ಸಹಿ ಹಾಕುತ್ತಾರೆ. ಮುರಿದ ಸ್ಟೂಲಿಗೂ ಅದರಲ್ಲಿ ಜಾಗವಿದೆ. ಆತನ ತಲೆಯಲ್ಲಿದ್ದದ್ದಕ್ಕೆ ಕಾಲಮ್ಮೇ ಇಲ್ಲ. ಅದು ಶಾಲು, ಹಾರ, ಫೋಟೋ ಜೊತೆಗೆ ಆಟೋ ಹತ್ತಿ ಮನೆಗೆ ಹೋಗುತ್ತದೆ. ಮರುದಿನದಿಂದ ಅವರ ಮನೆಗೆ ಫೋನ್ ಶುರು. ಪಾಪ, ಪೆನ್ಷನ್ ಮಂಜೂರಾಗುವುದಕ್ಕಿಂತ ಮೊದಲೇ ಶುರು.

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಮುತ್ತಲ ಹಳೇ ಅಂಗಡಿಗಳಿಗೆ ಈಗ ಕಂಪ್ಯೂಟರ್ ಬಂದಿದೆ. ಮಾಲು ಎಷ್ಟಿದೆ, ರೇಟು ಎಷ್ಟು, ಎಲ್ಲ ಹೇಳುತ್ತದೆ. ಬೇಕಾದ ಬೋಲ್ಟು ಯಾವ ಡಬ್ಬಿಯಲ್ಲಿದೆ ಅಂತ ಮಾತ್ರ ಅಟ್ಟದ ಮೇಲೆ ಕೂತ ಹುಡುಗನೇ ಹೇಳಬೇಕು. ಮಾಲೀಕರಿಗೂ ಇದು ಗೊತ್ತು. ಹುಡುಗನಿಗೆ ಇದು ಅವರಿಗಿಂತ ಜಾಸ್ತಿ ಗೊತ್ತು. ಎಲ್ಲ ಡಬ್ಬಿಗೂ ಚೀಟಿ ಅಂಟಿಸಿಬಿಟ್ಟರೆ ನಾಳೆ ತನ್ನನ್ನು ಯಾರು ಕರೆಯುತ್ತಾರೆ? ಗುಟ್ಟು ಇಟ್ಟುಕೊಳ್ಳುವುದನ್ನು ನಾವು ಸುಮ್ಮನೆ ಬೈಯುತ್ತೇವೆ. ಅದು ಅವನ ಅನ್ನ.

ಧಾರವಾಡದ ಪೇಢೆಯ ಕತೆ ತಗೊಳ್ಳಿ. 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರದ ಉನ್ನಾವದಿಂದ ಬಂದ ಠಾಕೂರ್ ಮನೆತನ ಅದನ್ನು ಇಲ್ಲಿ ಮಾಡಲು ಶುರುಮಾಡಿತು. ಮಾಡುವ ಹದವನ್ನು ಮನೆಯೊಳಗೇ ಉಳಿಸಿಕೊಂಡಿತು. ನವಲಗುಂದದ ಜಮಖಾನ ನೇಯುವ ಹೆಂಗಸರಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಕಸುಬನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು. ಮಗಳು ಗಂಡನ ಮನೆಗೆ ಹೋಗುವಾಗ ಗುಟ್ಟೂ ಜೊತೆಗೆ ಹೋಗಿಬಿಡುತ್ತದಲ್ಲ! ಲೆಕ್ಕಾಚಾರ ಸರಿಯಾಗಿಯೇ ಇದೆ. ಆದರೆ ಅತ್ತೆ-ಸೊಸೆಯ ಮಾತು ನಿಂತರೆ ಮಗ್ಗವೂ ನಿಲ್ಲುವ ವ್ಯವಸ್ಥೆ ಇದು. ನಮ್ಮ ಕಡೆಯ ಮನೆಗಳನ್ನ ನೋಡಿದರೆ ಇಂಥ ಕರಾರಿನ ಮೇಲೆ ಇಷ್ಟು ತಲೆಮಾರು ನಡೆದದ್ದೇ ದೊಡ್ಡದು. ಈಗ ನೇಯುವವರು ತೀರಾ ಕಡಿಮೆಯಾಗಿದ್ದಾರೆ.

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದ ಒಬ್ಬ ಹೆಣ್ಣುಮಗಳು ಇದೇ ಸೀಮೆಯಲ್ಲಿದ್ದಳು. ಗದಗಿನ ಪಕ್ಕದ ಲಕ್ಕುಂಡಿಗೆ ಹೋದವರು ಬಸದಿ ನೋಡುತ್ತಾರೆ, ಬಾವಿ ನೋಡುತ್ತಾರೆ, ಸೆಲ್ಫಿ ತೆಗೆದುಕೊಂಡು ಗಿರಮಿಟ್ಟು ತಿಂದು ವಾಪಸ್ ಬರುತ್ತಾರೆ. ಆ ಬಸದಿ ಕಟ್ಟಿಸಿದ ಅತ್ತಿಮಬ್ಬೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿದ್ದಳು. ಅವಳ ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ ಇಬ್ಬರೂ ಪೊನ್ನ ಕವಿಯಿಂದ 'ಶಾಂತಿಪುರಾಣ' ಬರೆಸಿದ್ದರು. ಮನೆಯ ದುಡ್ಡಿನಲ್ಲಿ ಹುಟ್ಟಿದ ಕಾವ್ಯ. ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡಬಹುದಿತ್ತು. ಅವಳು ಸಾವಿರ ಪ್ರತಿ ಮಾಡಿಸಿ ಹಂಚಿಬಿಟ್ಟಳು.

ಸಾವಿರ ಅಂದರೆ ಏನು ಅಂತ ಸ್ವಲ್ಪ ನಿಂತು ಯೋಚಿಸಬೇಕು. 10ನೇ ಶತಮಾನದ ಕೊನೆಯ ಮಾತು ಇದು. ಅಚ್ಚಿನ ಯಂತ್ರ ಇಲ್ಲ. ತಾಳೆಗರಿಯನ್ನು ಹದ ಮಾಡಿ, ಕಂಠ ಅನ್ನುವ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರ ಕೊರೆದು, ಮಸಿ ತಿಕ್ಕಬೇಕು. ಒಂದು ಪ್ರತಿ ಮುಗಿಸುವುದರಲ್ಲಿ ಬೆರಳು ಸೋಲುತ್ತದೆ. ಅದಾದ ಮೇಲೆ ಮತ್ತೆ ಮೊದಲ ಗರಿಯಿಂದ ಶುರು. ಅಷ್ಟು ಕೂಲಿ ಕೊಟ್ಟು ಬರೆಸಿದ್ದನ್ನ ಬಿಟ್ಟಿ ಹಂಚಬೇಕಾದರೆ ದೊಡ್ಡ ಕೈಯೇ ಬೇಕು.

ಅದೇ ಪೊನ್ನ 'ಭುವನೈಕರಾಮಾಭ್ಯುದಯ' ಅಂತ ಇನ್ನೊಂದು ಕಾವ್ಯ ಬರೆದಿದ್ದ. ಅದು ಇವತ್ತು ಇಲ್ಲ. ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನ ಬರೆದ 'ಅಜಿತಪುರಾಣ' ಇದೆ, ಅವನದೇ 'ಪರಶುರಾಮಚರಿತ' ಇಲ್ಲ. ಹಂಚಿದ್ದಕ್ಕೇ 'ಶಾಂತಿಪುರಾಣ' ಉಳಿಯಿತು ಅಂತ ನಾನು ಆಣೆ ಮಾಡಿ ಹೇಳಲಾರೆ. ಗೆದ್ದಲು, ಬೆಂಕಿ, ಮಳೆ ಎಲ್ಲಕ್ಕೂ ತಮ್ಮದೇ ಲೆಕ್ಕ ಇರುತ್ತದೆ. ಆದರೆ ಸಾವಿರ ಮನೆಗೆ ಒಟ್ಟಿಗೇ ಗೆದ್ದಲು ಹತ್ತುವುದು ಕಷ್ಟ, ಅಲ್ವಾ? ಕಳೆದುಹೋದ ಆ ಕಾವ್ಯಗಳನ್ನ ಯಾರೋ ಎಲ್ಲೋ ಜ್ವಾಕಿಲೆ ಇಟ್ಟಿರಬೇಕು ಅಂತ ನನ್ನ ಗುಮಾನಿ.

ಹಾಗಂತ ಕಾಗದ ಉಳಿದರೆ ಸಾಕು ಅನ್ನುವ ಹಾಗೂ ಇಲ್ಲ. ಮುಂಬಯಿ ಆಡಳಿತದಲ್ಲಿದ್ದ ಈ ಭಾಗದ ಎಷ್ಟೋ ಹಳೇ ದಾಖಲೆಗಳು ಮೋಡಿ ಅನ್ನುವ, ಮರಾಠಿಯ ಹಳೇ ಕೂಡುಬರಹದ ಲಿಪಿಯಲ್ಲಿವೆ. ಊರಿನ ಕುಲಕರ್ಣಿಯವರು ಸರಸರ ಬರೆದಿಟ್ಟದ್ದು. ಕಾಗದ ಗಟ್ಟಿ, ಮಸಿ ಗಟ್ಟಿ. ಓದುವವರೇ ಅಪರೂಪ. ಆಸ್ತಿ ವ್ಯಾಜ್ಯ ಬಂದಾಗ ಮೋಡಿ ಓದುವ ಹಿರಿಯರನ್ನ ಹುಡುಕಿಕೊಂಡು ಜನ ಊರೂರು ಅಲೆಯುತ್ತಾರೆ. ಅಜ್ಜ ಬರೆಸಿದ ಮಾತು ಮೊಮ್ಮಗನ ಕೈಯಲ್ಲೇ ಇದೆ, ಕಿವಿಗೆ ಬೀಳಬೇಕಾದರೆ ಮೂರನೆಯವರು ಬೇಕು.

ಉತಾರದ ತಾಪತ್ರಯ ಮಾತ್ರ ಈಗ ಕಡಿಮೆ. 2000ದ ಆಸುಪಾಸಿನಲ್ಲಿ ಸರ್ಕಾರ 'ಭೂಮಿ' ಅಂತ ಯೋಜನೆ ತಂದು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅವ್ವನ ಟ್ರಂಕಿನಲ್ಲಿ ಸಿಗದಿದ್ದರೂ ದುಡ್ಡು ಕೊಟ್ಟರೆ ಹೊಸದು ಸಿಗುತ್ತದೆ. ನಮ್ಮದಂತೂ ಮನೆಯವರ ವಾಟ್ಸಾಪ್ ಗ್ರೂಪಿನಲ್ಲೂ ಇದೆ. ಬೆಂಗಳೂರಿನ ಅಣ್ಣ, ಪುಣೆಯ ಅಕ್ಕ, ಕಾಕಾ, ಎಲ್ಲರ ಫೋನಿನಲ್ಲೂ ಒಂದೊಂದು ಪ್ರತಿ. ಗುಡ್ ಮಾರ್ನಿಂಗ್ ಹೂವುಗಳ ಅಡಿಯಲ್ಲಿ ಹೂತಿದ್ದರೂ ಕೇಳಿದರೆ ಒಬ್ಬರಲ್ಲ ಒಬ್ಬರು ಕಳಿಸುತ್ತಾರೆ. ಅತ್ತಿಮಬ್ಬೆಯ ಮಟ್ಟಕ್ಕಲ್ಲದಿದ್ದರೂ ತಕ್ಕಮಟ್ಟಿಗೆ ಹಂಚಿದ್ದೇವೆ.

ಈಗ ಉಳಿದದ್ದು ಬೇರೆ ಪ್ರಶ್ನೆ. ಉತಾರದಲ್ಲಿ ಸರ್ವೆ ನಂಬರ್ ಇದೆ, ಎಕರೆ-ಗುಂಟೆ ಇದೆ. ನಮ್ಮ ಬದು ಎಲ್ಲಿಗೆ ಮುಗಿಯುತ್ತದೆ, ಗಡಿಕಲ್ಲು ಯಾವ ಜಾಲಿಗಿಡದ ಬುಡದಲ್ಲಿ ಮುಚ್ಚಿಹೋಗಿದೆ ಅನ್ನುವುದು ಹೊಲ ಪಾಲಿಗೆ ಮಾಡುವ ಮಾಮಾಗೆ ಮಾತ್ರ ಗೊತ್ತು. ಅವರಿಗೂ ವಯಸ್ಸಾಯಿತು. ವೈನಿ (ಅತ್ತಿಗೆ) ಗ್ರೂಪಿನಲ್ಲಿ ಒಂದು ಸಲಹೆ ಹಾಕಿದರು: 'ಮಾಮಾನ್ನ ಕರ್ಕೊಂಡು ಬದುವಿನ ಗುಂಟ ಅಡ್ಡಾಡಿ ಒಂದು ವಿಡಿಯೋ ಮಾಡ್ರಿ.' ಅಣ್ಣ ಹೆಬ್ಬೆರಳು ಒತ್ತಿದ. ಅಕ್ಕ ಹೆಬ್ಬೆರಳು ಒತ್ತಿದಳು. ಕಾಕಾ ಕೈ ಮುಗಿಯುವ ಚಿತ್ರ ಹಾಕಿದರು. ಹೋಗುವವರು ಯಾರು ಅಂತ ಇನ್ನೂ ತೀರ್ಮಾನವಾಗಿಲ್ಲ.